ಪಿಸ್ತೂಲಿಲ್ಲದವನ ಒರೆ

ನಮ್ಮ ಮನೆಯಲ್ಲಿ ಪಿಸ್ತೂಲಿಲ್ಲ. ಮುಂದೆ ಬರುವ ಲಕ್ಷಣವೂ ಇಲ್ಲ. ನಾನು ಕುಡುಗೋಲು ಹಿಡಿದರೇ ಮನೆಯಾಕೆ ಲೈಸೆನ್ಸ್ ಕೇಳುತ್ತಾಳೆ. ಆದರೂ ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ನನಗೆ ಹತ್ತಿದ ಹುಚ್ಚು ಪಿಸ್ತೂಲಿಗೆ ಚರ್ಮದ ಒರೆ ಹೊಲಿಯುವುದು. ಅಮೆರಿಕದಲ್ಲಿ ಇದನ್ನು ಹವ್ಯಾಸಕ್ಕೆಂದೇ ಕಲಿಯುವವರಿದ್ದಾರೆ. ಹನೂರು ಸೀಮೆಯವರಿಗೂ ಸೊಂಟದ ಒರೆ ಹೊಸದಲ್ಲ. 2004ರಲ್ಲಿ ವೀರಪ್ಪನ್ ಸಾಯುವವರೆಗೆ ರಾಮಾಪುರ, ಗೋಪಿನಾಥಂ ಕಡೆ ಪೊಲೀಸರ ಸೊಂಟದಲ್ಲಿ ಅದನ್ನು ಬೇಕಾದಷ್ಟು ನೋಡಬಹುದಿತ್ತು. ಹೊಲಿಗೆ ಹೇಗಿದೆ ಎಂದು ಹತ್ತಿರ ಹೋಗಿ ಬಗ್ಗಿ ನೋಡುವ ಧೈರ್ಯ ಮಾತ್ರ ಯಾರಿಗಿತ್ತು?

ನಮ್ಮ ಕೊಳ್ಳೇಗಾಲ ರೇಷ್ಮೆ ಸೀಮೆ. ಹಾಗಾಗಿ ಹಿಪ್ಪುನೇರಳೆ ಕಡ್ಡಿ ಕತ್ತರಿಸುವ ಕತ್ತರಿಯನ್ನೇ ಪಿಸ್ತೂಲೆಂದು ಭಾವಿಸಿಕೊಂಡೆ. ಹಿಡಿ ಬಾಗಿದೆ, ಮೂತಿ ಚೂಪಾಗಿದೆ, ಕುದುರೆ ಒಂದಿಲ್ಲ ಅಷ್ಟೆ. ಗುರುಗಳೂ ಸಿಕ್ಕರು: ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಯುವ ಹಿರಿಯರು. ಬ್ಯಾಗಿಗೆ ಹಾಕುವ, ಕ್ರೋಮಿನಲ್ಲಿ ಹದ ಮಾಡಿದ ಚರ್ಮ ಮೆತ್ತಗೆ ಚೆನ್ನಾಗಿರುತ್ತದೆ, ಆದರೆ ಕೊಟ್ಟ ಆಕಾರವನ್ನು ಉಳಿಸಿಕೊಳ್ಳುವುದಿಲ್ಲ. ಒರೆಗೆ ತೊಗಟೆಯಲ್ಲಿ ಹದ ಮಾಡಿದ ದಪ್ಪ ಚರ್ಮವೇ ಆಗಬೇಕು. ಹಿಂದೆ ಇದಕ್ಕೆ ತಂಗಡಿ ತೊಗಟೆ ಬಳಸುತ್ತಿದ್ದರು. ತಂಗಡಿಯೇನೋ ಇವತ್ತಿಗೂ ಹಳದಿ ಹೂ ಬಿಟ್ಟುಕೊಂಡು ಬಯಲಲ್ಲಿ ನಿಂತಿದೆ, ಕೇಳುವವರಿಲ್ಲ.

ಈ ಚರ್ಮವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿದರೆ ಸಣ್ಣ ಗುಳ್ಳೆ ಏಳುತ್ತವೆ. ಗುಳ್ಳೆ ನಿಂತ ಮೇಲೆ ತೆಗೆದು, ಕತ್ತರಿಯ ಸುತ್ತ ಸುತ್ತಿ, ಹೆಬ್ಬೆರಳಿನಿಂದಲೂ ಚಮಚದ ಬೆನ್ನಿನಿಂದಲೂ ಒತ್ತಬೇಕು. ಕತ್ತರಿಗೆ ಮೊದಲು ಪ್ಲಾಸ್ಟಿಕ್ ಸುತ್ತಿರಬೇಕು. ತೊಗಟೆಯ ಒಗರಿಗೆ ಕಬ್ಬಿಣ ಸೋಕಿದರೆ ಚರ್ಮ ಕಪ್ಪಾಗುತ್ತದೆ. ನಾನು ಗಳಿಗೆಗೊಮ್ಮೆ ಮುಟ್ಟಿ ನೋಡುತ್ತಿದ್ದರೆ ಗುರುಗಳು, “ಏನವಸರ ಮೇಷ್ಟ್ರೇ, ಒಣಗ್ಲಿ ಬುಡಿ” ಎನ್ನುವರು. ಒಣಗಿದ ಮೇಲೆ ಕತ್ತರಿ ಹೊರಗೆಳೆದರೂ ಅದರ ಹೊಟ್ಟೆ, ಮೂತಿ ಎಲ್ಲ ಚರ್ಮದಲ್ಲಿ ಹಾಗೇ ಇರುತ್ತವೆ.

ಹೊಲಿಗೆಗೆ ಒಂದೇ ದಾರ, ಎರಡು ತುದಿಗೆ ಎರಡು ಸೂಜಿ. ಮುನಿಸಿಕೊಂಡ ಗಂಡಹೆಂಡಿರು ಒಂದೇ ಬಾಗಿಲಲ್ಲಿ ಎದುರುಬದುರು ದಾಟುವಂತೆ ಎರಡೂ ಸೂಜಿ ಒಂದೇ ತೂತಿನಲ್ಲಿ ಹಾಯಬೇಕು. ದಾರಕ್ಕೆ ಮೇಣ ತಿಕ್ಕಿರಬೇಕು. ಮಿಷನ್ ಹೊಲಿಗೆ ಒಂದು ಕಡೆ ಕಿತ್ತರೆ ಸಾಲಾಗಿ ಬಿಚ್ಚಿಕೊಳ್ಳುತ್ತದೆ. ಇದರಲ್ಲಿ ಒಂದೆಳೆ ಹೋದರೆ ಇನ್ನೊಂದು ಹಿಡಿದುಕೊಂಡಿರುತ್ತದೆ.

ಹೊಲಿಯುತ್ತಾ ಮಾತು ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಯಿತು. ಅಲ್ಲಿನ ದೇವರು ರಂಗಪ್ಪನಿಗೆ ಬೂದಿತಿಟ್ಟಿನ ಚಮ್ಮಾರ ಕುಲದವರು ಎರಡು ವರ್ಷಕ್ಕೊಮ್ಮೆ ಹೊಸ ಚಮ್ಮಾವುಗೆ ಒಪ್ಪಿಸುತ್ತಾರೆ. ಉದ್ದ ಒಂದು ಅಡಿ ಒಂಬತ್ತು ಅಂಗುಲ! ಸೋಲಿಗರ ಕುಸುಮಾಲೆಯನ್ನು ಮದುವೆಯಾಗಿ ಸೋಲಿಗರಿಗೆಲ್ಲ ಭಾವನಾದ ದೇವರು ಕಾಡು ಅಲೆಯದೆ ಇರುತ್ತಾನೆಯೇ, ಅಟ್ಟೆ ಸವೆಯದೆ ಇರುತ್ತದೆಯೇ? ಭಕ್ತರು ಆ ಚಮ್ಮಾವುಗೆಯನ್ನು ತಲೆಗೆ ಮುಟ್ಟಿಸಿಕೊಳ್ಳುತ್ತಾರೆ. ಅತ್ತ ಮಲೆ ಮಾದಪ್ಪನ ಕಥೆಯಲ್ಲಿ ದುಷ್ಟ ಶ್ರವಣದೊರೆಯನ್ನು ಮುಗಿಸುವುದಕ್ಕೂ ಚಮ್ಮಾರ ಹರಳಯ್ಯನ ಚಮ್ಮಾವುಗೆಯೇ ಬೇಕಾಯಿತು. ಈ ಕಸುಬಿಗೆ ನಮ್ಮ ಸೀಮೆಯ ದೇವರುಗಳು ಕೊಟ್ಟ ಮರ್ಯಾದೆಯನ್ನು ನಮ್ಮ ಸೀಮೆಯ ಜನ ಕೊಡಲಿಲ್ಲ. ನನಗೆ ಇದು ಸಂಜೆಯ ಹವ್ಯಾಸ. ಗುರುಗಳಿಗೆ ಹುಟ್ಟಿನೊಂದಿಗೆ ತಲೆಗೆ ಕಟ್ಟಿದ ಕೆಲಸ. ಹೀಗಿದ್ದೂ ಅವರು ಕಲಿಸುತ್ತಾರಲ್ಲ, ಅದೇ ದೊಡ್ಡದು.

ಒರೆ ಮುಗಿಯಿತು. ಸೊಂಟಕ್ಕೆ ಸಿಕ್ಕಿಸಿಕೊಂಡು ಊರೊಳಗೆ ಎರಡು ಸುತ್ತು ಬಂದೆ. ಹಿಪ್ಪುನೇರಳೆ ತೋಟದವರೊಬ್ಬರು ತಮಗೂ ಒಂದು ಬೇಕೆಂದರು. ಉಬ್ಬಿಹೋಗಿ, ದುಡ್ಡೇನೂ ಬೇಡ, ಹೊಲಿದುಕೊಡುತ್ತೇನೆ ಎಂದೆ. ಸುದ್ದಿ ಗುರುಗಳಿಗೆ ಮುಟ್ಟಿತು.

“ಬಿಟ್ಟಿ ಕೊಟ್ಬುಟ್ಟು ನನ್ ಗಿರಾಕಿ ಕೆಡುಸ್ಬ್ಯಾಡಿ ಮೇಷ್ಟ್ರೇ.”

ಈಗ ಕೇಳಿದವರನ್ನೆಲ್ಲ ಬಸ್ ನಿಲ್ದಾಣಕ್ಕೆ ಕಳಿಸುತ್ತೇನೆ. ಕತ್ತರಿಸಿದ ಅಂಚಿಗೆ ನೀರು ಸವರಿ, ಹೊಳಪು ಬರುವವರೆಗೆ ಮರದ ತುಂಡಿನಿಂದ ಉಜ್ಜುವ ಕೆಲಸಕ್ಕೆ ಗುರುಗಳು ನನ್ನನ್ನು ಇಟ್ಟುಕೊಂಡಿದ್ದಾರೆ. ಸಂಬಳ ಒಂದು ಟೀ, ಅದನ್ನು ತರುವವನೂ ನಾನೇ.