ಮುಳಬಾಗಿಲಿನ ಪ್ರೇಮ, ಮುಂಬೈನ ರೂಮು

ಆವನಿ ಬೆಟ್ಟಕ್ಕೂ ವಿರಹಕ್ಕೂ ಹಳೆಯ ನಂಟು. ಗಂಡ ಕಾಡಿಗಟ್ಟಿದ ಸೀತೆ ವಾಲ್ಮೀಕಿಯ ಆಸರೆಯಲ್ಲಿ ಲವಕುಶರನ್ನು ಹೆತ್ತದ್ದು ಇಲ್ಲೇ ಎನ್ನುತ್ತದೆ ಐತಿಹ್ಯ. ಮಕ್ಕಳೊಡನೆ ಕಾದಾಡಿದ ಪಾಪ ಕಳೆಯಲು ರಾಮನೂ ತಮ್ಮಂದಿರೂ ಲಿಂಗಗಳನ್ನು ಪ್ರತಿಷ್ಠಾಪಿಸಿದರಂತೆ. ಅವರವರ ಹೆಸರಿನ ಗುಡಿಗಳು, ನೊಳಂಬರ ಕಾಲದವು, ಬೆಟ್ಟದ ಬುಡದಲ್ಲಿ ಇವತ್ತಿಗೂ ಇವೆ. ಕೈಬಿಟ್ಟವರು ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದ ಕಾಲ ಅದು. ಈಗಿನವರು ರೂಮು ಮಾಡಿಕೊಳ್ಳುತ್ತಾರೆ.

ಆವನಿಯನ್ನೂ ಒಳಗೊಂಡ ಮುಳಬಾಗಿಲು ಕ್ಷೇತ್ರದ ಮತದಾರರಾದ ನಮಗೂ ಒಂದು ಹಳೇ ಪ್ರೇಮಕಥೆ ಇದೆ. 2018ರ ಚುನಾವಣೆ. ಕಾಂಗ್ರೆಸ್ಸಿನ ಕೊತ್ತೂರು ಮಂಜುನಾಥ್ ಅವರ ನಾಮಪತ್ರ ಜಾತಿ ಪ್ರಮಾಣಪತ್ರದ ತಕರಾರಿನಲ್ಲಿ ಬಿದ್ದುಹೋಯಿತು. ವಾಲಗದವರು ಬಂದಿದ್ದಾರೆ, ವರನೇ ಇಲ್ಲ! ಕಣದಲ್ಲಿದ್ದ ಪಕ್ಷೇತರ ಎಚ್. ನಾಗೇಶ್ ಅವರಿಗೇ ಕಾಂಗ್ರೆಸ್ ಬಾಸಿಂಗ ಕಟ್ಟಿತು. ನಾವು ಅಕ್ಷತೆ ಹಾಕಿದೆವು. ಗೆದ್ದರು.

ಮಧುಚಂದ್ರಕ್ಕೆ ಮಾತ್ರ ನಮ್ಮನ್ನು ಕರೆಯಲಿಲ್ಲ. 2019ರ ಸಂಕ್ರಾಂತಿಯ ದಿನ ನಾವು ಎಳ್ಳು ಬೀರುತ್ತಿದ್ದರೆ, ಅವರು ಮುಂಬೈನಲ್ಲಿ ಕೂತು ರಾಜ್ಯಪಾಲರಿಗೆ ಪತ್ರ ಬರೆದರು: ಕುಮಾರಸ್ವಾಮಿಯವರ ಕಾಂಗ್ರೆಸ್-ಜೆಡಿಎಸ್ ಸಮ್ಮಿಶ್ರ ಸರ್ಕಾರಕ್ಕೆ ಕೊಟ್ಟ ಬೆಂಬಲ ವಾಪಸ್. ರಾಣೆಬೆನ್ನೂರಿನ ಆರ್. ಶಂಕರ್ ಅವರದೂ ಅದೇ ಪತ್ರ, ಅದೇ ದಿನ. ಆಮೇಲೆ ಮುನಿಸು ತಣಿದು, ಜೂನ್ 14ರಂದು ಇಬ್ಬರೂ ಅದೇ ಕುಮಾರಸ್ವಾಮಿಯವರ ಸಂಪುಟದಲ್ಲಿ ಮಂತ್ರಿಗಳಾದರು. ಜುಲೈ 8ಕ್ಕೆ ನಮ್ಮವರು ರಾಜೀನಾಮೆ ಕೊಟ್ಟು ಮತ್ತೆ ಮುಂಬೈಗೆ ಹಾರಿದರು. 24 ದಿನದ ಸಂಸಾರ. ಆಷಾಢಕ್ಕೆ ತವರಿಗೆ ಹೋಗುವುದು ಸಂಪ್ರದಾಯವೇ. ತವರು ಯಾವುದು ಎಂಬುದಷ್ಟೇ ಪ್ರಶ್ನೆ.

ಆ ತಿಂಗಳು ನಾಡಿನ ಶಾಸಕರೆಲ್ಲ ವಾಸ್ತವ್ಯ ಬದಲಿಸಿದ್ದರು. ಜೆಡಿಎಸ್ ದೇವನಹಳ್ಳಿ ಕಡೆಯ ಗಾಲ್ಫ್‌ಶೈರ್‌ನಲ್ಲಿ, ಕಾಂಗ್ರೆಸ್ ಯಶವಂತಪುರದ ತಾಜ್‌ನಲ್ಲಿ, ಬಿಜೆಪಿ ಯಲಹಂಕದ ರಮಡಾದಲ್ಲಿ. ಆಳುವ ಪಕ್ಷಗಳ ಅತೃಪ್ತರು ಮುಂಬೈ ಪೊವಾಯಿಯ ರೆನೈಸನ್ಸ್‌ನಲ್ಲಿ. ಅಲ್ಲಿ ಜುಲೈ 10ರಂದು ಅವರ ಮನವೊಲಿಸಲು ಹೋದ ಕಾಂಗ್ರೆಸ್ಸಿನ ಡಿ.ಕೆ. ಶಿವಕುಮಾರ್ ಮಳೆಯಲ್ಲಿ ಗೇಟಿನ ಹೊರಗೆ ಗಂಟೆಗಟ್ಟಲೆ ನಿಂತರು. ಬುಕ್ ಮಾಡಿದ್ದ ರೂಮು ರದ್ದಾಗಿತ್ತು. ಹಿಂದೊಮ್ಮೆ ಗುಜರಾತಿನ ಕಾಂಗ್ರೆಸ್ ಶಾಸಕರನ್ನು ಬಿಡದಿಯ ಈಗಲ್‌ಟನ್ ರೆಸಾರ್ಟಿನಲ್ಲಿ ಕಾವಲು ಕಾಯ್ದ ದೊಡ್ಡ ಗೃಹಸ್ಥರೇ ಹೀಗೆ ಬೀದಿಯಲ್ಲಿ ನಿಂತದ್ದು ನೋಡಿ ನಮಗೆ ಸ್ವಲ್ಪ ಸಮಾಧಾನವಾಯಿತು ಎಂದರೆ ಸುಳ್ಳಲ್ಲ. ಕಾಯುವ ಕಷ್ಟ ಅವರಿಗೂ ತಿಳಿಯಲಿ.

ಜುಲೈ 23ಕ್ಕೆ ಸರ್ಕಾರ ಬಿತ್ತು, 99ಕ್ಕೆ 105. ಪಕ್ಕದ ಶ್ರೀನಿವಾಸಪುರದವರೇ ಆದ ಸ್ಪೀಕರ್ ರಮೇಶ್ ಕುಮಾರ್ 17 ಮಂದಿಯನ್ನು ಅನರ್ಹಗೊಳಿಸಿದರು. ಶಂಕರ್ ತಮ್ಮ ಕೆಪಿಜೆಪಿಯನ್ನು ಕಾಂಗ್ರೆಸ್ಸಿನಲ್ಲಿ ವಿಲೀನ ಮಾಡಿ ತಾಳಿ ಕಟ್ಟಿಸಿಕೊಂಡಿದ್ದರು, ಸಿಕ್ಕಿಬಿದ್ದರು. ನಾಗೇಶ್ ಯಾವ ಪಕ್ಷವನ್ನೂ ಸೇರದೆ ಬರೀ ಜೊತೆಗಿದ್ದವರು. ಮದುವೆಯೇ ಆಗದವರಿಗೆ ವಿಚ್ಛೇದನ ಎಲ್ಲಿಂದ? ಪಕ್ಷಾಂತರ ತಡೆಯುವ ಸಂವಿಧಾನದ ಹತ್ತನೇ ಪರಿಚ್ಛೇದವನ್ನು ಇಷ್ಟು ಸಲೀಸಾಗಿ ಯಾವ ವಕೀಲರೂ ನಮಗೆ ಪಾಠ ಮಾಡಿರಲಿಲ್ಲ.

ಯಡಿಯೂರಪ್ಪನವರ ಬಿಜೆಪಿ ಸರ್ಕಾರವೆಂಬ ಹೊಸ ಮನೆಯಲ್ಲಿ ನಾಗೇಶ್ ಅವರಿಗೆ ಅಬಕಾರಿ ಖಾತೆ ಸಿಕ್ಕಿತು. ತಾಂಡಾಗಳಿಗೆ ಸಂಚಾರಿ ಮದ್ಯದಂಗಡಿ ಕಳಿಸುವ ಮಾತಾಡಿದರು. ಯಡಿಯೂರಪ್ಪ ಬೆನ್ನಲ್ಲೇ ತಳ್ಳಿಹಾಕಿದರು. ಮನೆ ಬಾಗಿಲಿಗೆ ಬರಬೇಕಾದ್ದು ಇನ್ನೇನೇನೋ ಇತ್ತು ಬಿಡಿ. 2021ರ ಜನವರಿ 13, ಮತ್ತೆ ಸಂಕ್ರಾಂತಿಯ ಮುನ್ನಾದಿನ, ಸಂಪುಟದಿಂದ ಕೈಬಿಟ್ಟರು. ಜೀವನಾಂಶವಾಗಿ ಒಂದು ನಿಗಮದ ಅಧ್ಯಕ್ಷಗಿರಿ.

ನಾವೇನು ಪತಿವ್ರತೆಯರೇ? ಚುನಾವಣೆ ಬಂದರೆ ಒಬ್ಬರ ಕುಕ್ಕರಿನಲ್ಲಿ ಅನ್ನ ಬೇಯಿಸಿ, ಇನ್ನೊಬ್ಬರ ಸೀರೆ ಉಟ್ಟು, ಮೂರನೆಯವರಿಗೆ ಓಟು ಹಾಕುವ ಜನ ನಾವು. ಹೋಟೆಲು ಹತ್ತಿದ್ದಕ್ಕೆ ನಮ್ಮ ಸಿಟ್ಟಿಲ್ಲ. ಮುಳಬಾಗಿಲು ದೋಸೆಗೆ ಇಷ್ಟೊಂದು ಹೆಸರಿರುವಾಗ ಊಟಕ್ಕೆ ಪೊವಾಯಿತನಕ ಹೋದರಲ್ಲ, ಆ ಅವಮಾನವೇ ನುಂಗಲಾಗದ್ದು.

2023ಕ್ಕೆ ನಾಗೇಶ್ ಕಾಂಗ್ರೆಸ್ ಪಾಳಯಕ್ಕೆ ಮರಳಿದ್ದರು, ಮುಳಬಾಗಿಲಿಗಲ್ಲ. ಬೆಂಗಳೂರಿನ ಮಹದೇವಪುರದಲ್ಲಿ ನಿಂತು ಸೋತರು. ಇಲ್ಲಿ ಹಿಂದೆ ಅವರೆದುರು ಸೋತಿದ್ದ ಜೆಡಿಎಸ್‌ನ ಸಮೃದ್ಧಿ ಮಂಜುನಾಥ್ ಗೆದ್ದರು. ನಾಮಪತ್ರ ಕಳೆದುಕೊಂಡಿದ್ದ ಕೊತ್ತೂರು ಕೋಲಾರದಲ್ಲಿ ಗೆದ್ದರು. ಎಲ್ಲರಿಗೂ ಒಂದೊಂದು ಮನೆ ಸಿಕ್ಕಿತು, ಬಾಡಿಗೆಯದೋ ಸ್ವಂತದ್ದೋ.

ನಮ್ಮ ಕೋಲಾರ ಜಿಲ್ಲೆಗೆ ಬೆಂಗಳೂರಿನ ಪ್ರೀತಿ ಪೈಪಿನಲ್ಲಿ ಬರುತ್ತದೆ. ಕೆ.ಸಿ. ವ್ಯಾಲಿ ಯೋಜನೆ ಎಂದು ಅದರ ಹೆಸರು. ಸಮ್ಮಿಶ್ರ ಸರ್ಕಾರದ ಹೊಸತರಲ್ಲೇ, 2018ರ ಜೂನ್‌ನಲ್ಲಿ, ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಬಿತ್ತು. ಕೋರಮಂಗಲ, ಚಲ್ಲಘಟ್ಟ ಕಣಿವೆಯ ಹೋಟೆಲುಗಳ ಬಾತ್‌ಟಬ್ಬಿನದೂ ಅದರಲ್ಲಿ ಸೇರಿದೆ. ಆ ಕೊಳಚೆ ನೀರಿಗೆ ಎರಡು ಹಂತದ ಶುದ್ಧಿ ಸಾಲದು, ಮೂರನೇ ಹಂತವೂ ಬೇಕು ಎಂದು ಜಿಲ್ಲೆಯ ಜನ ಪಟ್ಟು ಹಿಡಿದಿದ್ದಾರೆ. ಶಾಸಕರ ವಿಷಯದಲ್ಲಿ ನಾವು ಅಷ್ಟು ಕಟ್ಟುನಿಟ್ಟಲ್ಲ. ಹೆಗಲ ಮೇಲಿನ ಶಾಲು ಬದಲಿಸಿದರೆ ಶುದ್ಧ.