ಯಸಳೂರು ಸೀಮೆಯ ಆನಂದ ಮೀಮಾಂಸೆ

ಶಾಸ್ತ್ರಗ್ರಂಥವೆಂದಮೇಲೆ ಅದನ್ನು ಓದಲು ಅಧಿಕಾರಿ ಯಾರೆಂದು ಮೊದಲೇ ಹೇಳಬೇಕು. ಇದನ್ನು ಓದುವವನಿಗೆ ಕನಿಷ್ಠ ಎರಡೆಕರೆ ಕಾಫಿ, ಒಂದು ಬೆಳೆಸಾಲ, ಅಂಗಳದಲ್ಲೊಂದು ಮಳೆಮಾಪಕ ಇರತಕ್ಕದ್ದು. ಮೂರೂ ಇಲ್ಲದವರು ಈಗಾಗಲೇ ಸುಖವಾಗಿರುವ ಸಂಭವವಿರುವುದರಿಂದ ಅವರಿಗೆ ಈ ಶಾಸ್ತ್ರ ವ್ಯರ್ಥ.

ಮೊದಲು ಪೂರ್ವಾಚಾರ್ಯರ ಮತ. ತೈತ್ತಿರೀಯ ಉಪನಿಷತ್ತಿನ ಬ್ರಹ್ಮಾನಂದವಲ್ಲಿ ಆನಂದಕ್ಕೆ ಲೆಕ್ಕವನ್ನೇ ಹಾಕಿಟ್ಟಿದೆ. ಯುವಕ, ಓದಿದವನು, ಗಟ್ಟಿಮುಟ್ಟಾದವನು, ಸಂಪತ್ತು ತುಂಬಿದ ಭೂಮಿಯೆಲ್ಲ ಅವನದೇ. ಅಂಥವನ ಸಂತೋಷ ಒಂದು ಮಾನುಷಾನಂದ. ಅಲ್ಲಿಂದ ಗಂಧರ್ವ, ಪಿತೃ, ದೇವ, ಇಂದ್ರ, ಬೃಹಸ್ಪತಿ ಎಂದು ಹತ್ತು ಮೆಟ್ಟಿಲು, ಮೆಟ್ಟಿಲಿಗೆ ನೂರು ಪಟ್ಟು. ಗುಣಿಸಿದರೆ ಬ್ರಹ್ಮಾನಂದವೆಂದರೆ ಒಂದರ ಮುಂದೆ 20 ಸೊನ್ನೆ. ಗುಣಾಕಾರದಲ್ಲಿ ತಪ್ಪಿಲ್ಲ, ಬುನಾದಿಯಲ್ಲಿದೆ. ಭೂಮಿಯೆಲ್ಲ ಅವನದೇ ಆದರೆ ಬೇಲಿಯಾಚೆ ಇನ್ನೊಬ್ಬನಿಲ್ಲ. ಬೇಲಿಯಾಚೆ ಇನ್ನೊಬ್ಬನಿಲ್ಲದವನು ತನಗೆ ಸುಖವಾಯಿತೆಂದು ತಿಳಿಯುವುದಾದರೂ ಹೇಗೆ?

ನಮ್ಮ ಕಾಫಿಸೀಮೆ ಯಸಳೂರಿನಲ್ಲಿ ಸುಖವನ್ನು ಮಳೆಯ ಇಂಚಿನಲ್ಲಿ ಅಳೆಯುತ್ತಾರೆ. ಇಂಚಿಗೆ ನೂರು ಸೆಂಟ್ಸ್. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ರಾತ್ರಿ ಯಜಮಾನರು ಟಾರ್ಚು ಹಿಡಿದು ಅಂಗಳಕ್ಕಿಳಿಯುತ್ತಾರೆ. ಮಾಪಕದ ನೀರನ್ನು ಒಂದು ಹನಿಯೂ ಚೆಲ್ಲದಂತೆ ಅಳತೆಗಾಜಿಗೆ ಬಗ್ಗಿಸಿ, ಕನ್ನಡಕ ಹಣೆಗೇರಿಸಿ, ಗೆರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದುತ್ತಾರೆ: ಒಂದು ಇಂಚು ಇಪ್ಪತ್ತು ಸೆಂಟ್ಸ್. ಎಂಟೊಂಬತ್ತು ದಿನದಲ್ಲಿ ತೋಟ ಬೆಳ್ಳಗೆ ಅರಳುವುದು ಖಾತ್ರಿ. ಇದು ಶುದ್ಧ ಸುಖ. ಅಷ್ಟರಲ್ಲಿ ಪಕ್ಕದ ತೋಟದವರ ಫೋನು.

"ನಿಮ್ಮಲ್ಲೆಷ್ಟು?"

"ಒಂದಿಪ್ಪತ್ತು."

"ಓ, ಅಷ್ಟೇನಾ? ನಮ್ಮಲ್ಲಿ ಒಂದೂಮುಕ್ಕಾಲು."

ಗಾಜಿನಲ್ಲಿ ನೀರು ಒಂದಿಪ್ಪತ್ತೇ ಇದೆ. ಸುಖ ಮಾತ್ರ ಆವಿಯಾಯಿತು.

ಬಿಸಿಲೆ ದಾರಿಯ ಮಂಕನಹಳ್ಳಿಯಲ್ಲೊಂದು ಕಲ್ಲಿದೆ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಮಗ್ಗುಲಿನದು ಹೇಮಾವತಿ, ಕಾವೇರಿ ಹಿಡಿದು ಬಂಗಾಳಕೊಲ್ಲಿಗೆ. ಸುಖವನ್ನೂ ಆನಂದವನ್ನೂ ಬೇರ್ಪಡಿಸುವ ಅಂಥದೇ ಕಲ್ಲು ಎಲ್ಲಿದೆಯೆಂದು ಹುಡುಕಿದಾಗ ಸಿಕ್ಕಿದ್ದು ಪಕ್ಕದ ತೋಟದ ಬೇಲಿಗೂಟ.

ಇನ್ನು ಬಾಳುವ ಆನಂದ ಯಾವುದು? ರೇಟು ಎಂದು ಒಂದು ಪಂಥ ವಾದಿಸುತ್ತದೆ. 2025ರ ಆರಂಭದಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ ಕಾಫಿಯ 50 ಕೆಜಿ ಮೂಟೆ 20,000 ರೂಪಾಯಿ ದಾಟಿತು. ಮೊದಲೇ ಮಾರಿದವರು ಮಾರಿದ್ದಕ್ಕೆ ನಿದ್ದೆಗೆಟ್ಟರು, ಮಾರದವರು ನಾಳೆ ಇಳಿದೀತೆಂದು ನಿದ್ದೆಗೆಟ್ಟರು. ಎರಡೂ ಮನೆಯಲ್ಲಿ ರಾತ್ರಿಯಿಡೀ ದೀಪ ಉರಿಸಿದ್ದನ್ನು ಆನಂದ ಎನ್ನಲಾಗದು.

ಆದ್ದರಿಂದ ಸಿದ್ಧಾಂತ: ಯಸಳೂರಿನ ನಿತ್ಯಾನಂದ ಗೊಣಗುವುದರಲ್ಲಿದೆ. ಆನಂದಕ್ಕೆ ಎಡೆಬಿಡದಿರುವುದೇ ಲಕ್ಷಣವಾದರೆ ಇದನ್ನು ಮೀರಿಸುವಂಥದು ಇನ್ನೊಂದಿಲ್ಲ. ಮಾರ್ಚಿನಲ್ಲಿ ಮಳೆಯಿಲ್ಲ, ಏಪ್ರಿಲ್‌ನಲ್ಲಿ ಹೂವಾಯಿತು, ಹೂವು ಕಾಯಿಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಕೈಕೊಟ್ಟಿತು, ಜುಲೈನಲ್ಲಿ ಮಳೆ ಹೆಚ್ಚಾಗಿ ಕಾಯಿ ಉದುರಿತು, ಡಿಸೆಂಬರಿನಲ್ಲಿ ಕೊಯ್ಲಿಗೆ ಆಳಿಲ್ಲ, ಜನವರಿಯಲ್ಲಿ ಕಾಫಿ ಕಣದಲ್ಲಿದ್ದಾಗಲೇ ಮೋಡ. ಸುಖ ಹಂಚಿದರೆ ಹೊಟ್ಟೆಕಿಚ್ಚು; ಗೊಣಗಾಟ ಹಂಚಿದಷ್ಟೂ ಸ್ನೇಹ ಬೆಳೆಯುತ್ತದೆ. ಮದುವೆ ಊಟದಲ್ಲಿ ಕೋಸಂಬರಿಗೆ ಶುರುವಾದ ಬೋರರ್ ಹುಳದ ಮಾತು ಮೊಸರನ್ನದವರೆಗೂ ತಾಜಾ ಇರುತ್ತದೆ. ಮಹಾವಾಕ್ಯವೂ ಸಿದ್ಧವಿದೆ: "ಬೆಳೆ ಇದ್ದಾಗ ರೇಟಿಲ್ಲ, ರೇಟಿದ್ದಾಗ ಬೆಳೆಯಿಲ್ಲ." (ಆನೆ ದಾಳಿಯ ಮಾತನ್ನು ಬೇಕೆಂದೇ ಈ ಶಾಸ್ತ್ರದಿಂದ ಹೊರಗಿಟ್ಟಿದೆ. ಆಳು, ಮಾಲೀಕ ಎನ್ನದೆ ಜೀವ ಹೋಗುವ ಕಡೆ ಅದನ್ನು ಗೊಣಗಾಟ ಎನ್ನಲಾಗದು.)

ಒಂದೇ ಆಕ್ಷೇಪ ಉಳಿಯುತ್ತದೆ. ಮಳೆ, ಬೆಳೆ, ರೇಟು ಮೂರೂ ಒಟ್ಟಿಗೆ ಕೂಡಿಬಂದರೆ? ಅಂಥ ಅಪರೂಪದವರೊಬ್ಬರನ್ನು ಸಿದ್ಧಾಂತದ ಪರೀಕ್ಷೆಗೆಂದೇ ಜಗಲಿಯಲ್ಲಿ ಹಿಡಿದು ಕೇಳಲಾಯಿತು. ಅವರು ತೋಟದತ್ತ ಬಹಳ ಹೊತ್ತು ನೋಡಿ, ಎಲೆಅಡಿಕೆ ಉಗುಳಿ ಬಂದು ಹೇಳಿದರು: "ಈ ಸಲ ಮಂಗನೂ ಬಂದಿಲ್ಲ ಮಾರಾಯ್ರೆ. ಏನೋ ಸರಿಯಿಲ್ಲ."