ತಿರುಗುವ ಚಕ್ರದ ತಾತ್ವಿಕ ನೆಲೆಗಳು: ಒಂದು ಅಧ್ಯಯನ

1. ಪ್ರಸ್ತಾವನೆ

ರಾತ್ರಿ ಒಂಬತ್ತರ ಸುಮಾರಿಗೆ ಪರದೆಯ ನಟ್ಟನಡುವೆ ಪ್ರತ್ಯಕ್ಷವಾಗುವ ದುಂಡು ಚಕ್ರವನ್ನು ಅದರ ಸಾಂಸ್ಕೃತಿಕ, ತಾತ್ವಿಕ ಹಾಗೂ ಅನುಭಾವಿಕ ನೆಲೆಗಳಲ್ಲಿ ಮುಖಾಮುಖಿಯಾಗುವ ವಿನಮ್ರ ಪ್ರಯತ್ನವಿದು. ಕ್ಷೇತ್ರಕಾರ್ಯವನ್ನು ಸೋಫಾದ ಮೇಲೆ ಕೈಗೊಳ್ಳಲಾಗಿದೆ.

2. ವ್ಯಾಕರಣ

ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದ 13ನೇ ಶತಮಾನದಲ್ಲಿ ಬ್ರಾಡ್‌ಬ್ಯಾಂಡ್ ಇರಲಿಲ್ಲವಾಗಿ, ‘ವರೆಗೆ’ ಎಂಬ ಪದದ ಪೂರ್ಣ ಶಕ್ತಿ ಆತನಿಗೆ ಗೋಚರಿಸಲಿಲ್ಲ. ‘100 ಎಂಬಿಪಿಎಸ್ ವರೆಗೆ’ ಎಂಬ ಜಾಹೀರಾತಿನಲ್ಲಿ 100 ಬರೀ ಅಲಂಕಾರ. ಅರ್ಥದ ಭಾರ ಹೊತ್ತದ್ದು ‘ವರೆಗೆ’. ಸೊನ್ನೆಯೂ 100ರ ವರೆಗಿನ ಸಂಖ್ಯೆಯೇ ಎಂಬುದನ್ನು ಕಂಪನಿ ಅರಿತಿದೆ, ಗ್ರಾಹಕ ಅರಿಯುತ್ತಾನೆ.

3. ಛಂದಸ್ಸು

ಬಿಟ್ ಲಘು, ಬೈಟ್ ಗುರು. ಹಳೆಯ ಛಂದಸ್ಸಿನಲ್ಲಿ ಗುರುವಿಗೆ ಎರಡು ಮಾತ್ರೆ, ಇಲ್ಲಿ ಎಂಟು. ಮಾರುವವರು ಲಘುವಿನಲ್ಲಿ ಎಣಿಸುತ್ತಾರೆ, ಫೈಲು ಇಳಿಯುವಾಗ ಲೆಕ್ಕ ಗುರುವಿನಲ್ಲಿ. ಹಾಗಾಗಿ 100 ಎಂಬಿಪಿಎಸ್ ಪೂರ್ತಿ ಬಂದ ಪುಣ್ಯದಿನದಲ್ಲೂ ಸೆಕೆಂಡಿಗೆ ಇಳಿಯುವುದು 12.5 ಮೆಗಾಬೈಟ್. ಇದು ಮೋಸವಲ್ಲ, ಪ್ರಸ್ತಾರ.

4. ವರ್ಗೀಕರಣ

ಕರ್ಮದಂತೆ ಮಂದಗತಿಯೂ ಮೂರು ವಿಧ. ನಿತ್ಯ: ಕಾರಣವೇ ಬೇಡದ್ದು. ನೈಮಿತ್ತಿಕ: ಮಳೆ ಬಂದಾಗ, ಚರಂಡಿಗೆಂದು ರಸ್ತೆ ಅಗೆದಾಗ. ಕಾಮ್ಯ: ನೀವು ಮೇಲಿನ ಪ್ಲಾನಿಗೆ ಹೋಗಲೆಂದು ಕಂಪನಿ ಬಯಸಿದಾಗ, ‘ಅನ್‌ಲಿಮಿಟೆಡ್’ ಎಂಬ ಅನಂತಕ್ಕೆ ಎಫ್‌ಯುಪಿ (ನ್ಯಾಯಯುತ ಬಳಕೆಯ ಮಿತಿ) ಎಂಬ ಬೇಲಿ ಸಿಗುವುದು ಇಲ್ಲೇ. ಮೂರಕ್ಕೂ ಫೋನಿನಲ್ಲಿ ಬರುವ ಉತ್ತರ ಒಂದೇ: “ನಮ್ಮ ಕಡೆ ಎಲ್ಲ ಸರಿ ತೋರಿಸ್ತಿದೆ ಸರ್, ರೌಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ.”

5. ಚಾರಿತ್ರಿಕ ಹಿನ್ನೆಲೆ

ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು 2004ರಲ್ಲಿ 256 ಕೆಬಿಪಿಎಸ್ ಸಾಕಿತ್ತು. 2013ರಲ್ಲಿ ಅದು 512 ಆಯಿತು. 2023ರಲ್ಲಿ 2 ಎಂಬಿಪಿಎಸ್. ಒಂದೊಂದು ಮೆಟ್ಟಿಲಿಗೆ ಹತ್ತಿರ ಹತ್ತಿರ ಹತ್ತು ವರ್ಷ. ವ್ಯಾಖ್ಯೆಯೇ ಬಫರ್ ಆಗುತ್ತಾ ಬಂದಿದೆ.

6. ‘ಬ್ಯಾಂಡ್‌ವಿಡ್ತ್ ನಿರ್ವಹಣೆ’ಯ ಸಮಸ್ಯೀಕರಣ

ಒಂದೇ ಕೊಳವೆಯನ್ನು ಹಲವು ಮನೆಗಳಿಗೆ ಹಂಚುವುದು ಈ ಕಸುಬಿನ ಮೂಲ ಉಪಾಯ. ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸುವುದಿಲ್ಲ ಎಂಬ ನಂಬಿಕೆ ಅದರ ತಳಹದಿ. ಹಂಚಿದ್ದಕ್ಕೆ ನನ್ನ ತಕರಾರಿಲ್ಲ. ಎಷ್ಟು ಮನೆಗೆ ಹಂಚಿದಿರಿ ಎಂದು ಕೇಳಿದರೆ ಹೇಳುವುದಿಲ್ಲವಲ್ಲ, ಸಿಟ್ಟು ಅದಕ್ಕೆ. ನಾನು ಕೊಟ್ಟ ದೂರು ನೆಟ್ ಬರುವ ಮೊದಲೇ ‘ಪರಿಹಾರವಾಗಿದೆ’ ಎಂದು ಮುಚ್ಚಿಹೋಯಿತು. ಜೊತೆಗೆ ಐದು ನಕ್ಷತ್ರ ಕೊಡಿ ಎಂಬ ಸಂದೇಶ. ಬಿಲ್ಲಿನಲ್ಲಿ ಮಾತ್ರ ‘ವರೆಗೆ’ ಇಲ್ಲ, ಅಲ್ಲಿ ಮೊತ್ತ ಖಚಿತ. ನಾನೂ ‘999 ರೂಪಾಯಿ ವರೆಗೆ’ ಕಟ್ಟುತ್ತೇನೆ, ಒಪ್ಪುತ್ತೀರಾ? ಹೆಚ್ಚೆಂದರೆ ಎಷ್ಟು ಎಂದು ಸಾರಿದ್ದು ಸಾಕು. ರಾತ್ರಿ ಒಂಬತ್ತಕ್ಕೆ ಕಡಿಮೆ ಎಂದರೆ ಎಷ್ಟು, ಅದನ್ನು ಅಚ್ಚು ಹಾಕಿ.

7. ಉಪಸಂಹಾರ

ಇಲ್ಲಿಗೆ ತಮಾಷೆ ಮುಗಿಯಿತು. ನನ್ನದು ಸಿನಿಮಾ ನಿಂತ ಸಂಕಟ. ಕೊರೊನಾ ಕಾಲದಲ್ಲಿ ಮಲೆನಾಡಿನ, ಕರಾವಳಿಯ ಮಕ್ಕಳು ಪಾಠ ಕೇಳಲು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು, ಟಾರ್ಪಾಲಿನ ಗುಡಿಸಲು ಕಟ್ಟಿಕೊಂಡರು. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ರಸ್ತೆಬದಿಯಲ್ಲಿ ಮೊಬೈಲು ಹಿಡಿದು ಕೂತ ಹುಡುಗಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ನೋಡಿತು.

ಆ ಮಕ್ಕಳ ನೆಟ್‌ವರ್ಕಿನಲ್ಲೂ ಒಂದು ‘ವರೆಗೆ’ ಇತ್ತು. ಗುಡ್ಡದ ತುದಿಯವರೆಗೆ.